ಮೂರನೆಯ ಕಟ್ಟಿನ ಗಾಳಿ

ಕಾರೈಕುಡಿಯ ಸುತ್ತಲಿನ ಊರುಗಳಲ್ಲಿ ಮನೆಗಿಂತ ಮೊದಲು ಬೀಗ ಕಾಣುತ್ತದೆ. ಎರಡಾಳೆತ್ತರದ ತೇಗದ ಹೆಬ್ಬಾಗಿಲು, ಚೌಕಟ್ಟಿನ ಮೇಲೆ ಗಜಲಕ್ಷ್ಮಿ, ಇಕ್ಕೆಲದಲ್ಲಿ ಬಳ್ಳಿ, ಗಿಳಿ, ಯಾಳಿಗಳ ಕೆತ್ತನೆ. ನಡುವೆ ಅಂಗೈಯಗಲದ ಬೀಗ. ಜಗಲಿಯ ಮೇಲೆ ಒಣಗಿದ ಬೇವಿನೆಲೆ ರಾಶಿಬಿದ್ದಿರುತ್ತದೆ. ಮುಂದಿನ ಬೀದಿಯಲ್ಲಿ ಶುರುವಾದ ಮನೆ ಹಿಂದಿನ ಬೀದಿಯಲ್ಲಿ ಮುಗಿಯುತ್ತದೆ. ಆ ಉದ್ದದ ಗೋಡೆಯ ಪಕ್ಕದಲ್ಲಿ ನಡೆಯುತ್ತ ಹೋದಂತೆ, ಒಳಗೆ ಎಷ್ಟು ಒಲೆ ಉರಿದಿರಬೇಕು, ಎಷ್ಟು ಮದುವೆ ನಡೆದಿರಬೇಕು ಎಂದು ಮನಸ್ಸು ತಾನಾಗಿ ಲೆಕ್ಕ ಹಾಕತೊಡಗುತ್ತದೆ.

ಇದು ಚೆಟ್ಟಿನಾಡು. ತಮಿಳುನಾಡಿನ ಶಿವಗಂಗೆ ಮತ್ತು ಪುದುಕ್ಕೋಟ್ಟೈ ಜಿಲ್ಲೆಗಳಲ್ಲಿ ಹರಡಿರುವ ಎಪ್ಪತ್ತಕ್ಕೂ ಹೆಚ್ಚು ಊರುಗಳ ಒಣಸೀಮೆ. ಇಲ್ಲಿ ಇಂಥ ಮನೆಗಳನ್ನು ಕಟ್ಟಿದವರು ನಾಟ್ಟುಕೋಟ್ಟೈ ಚೆಟ್ಟಿಯಾರರು. 1852ರಲ್ಲಿ ಬ್ರಿಟಿಷರು ಕೆಳ ಬರ್ಮಾವನ್ನು ವಶಪಡಿಸಿಕೊಂಡರು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಐರಾವತಿ ನದಿಯ ಬಯಲಿನ ಅಕ್ಕಿಗೆ ಯುರೋಪಿನ ಪೇಟೆ ಹತ್ತಿರವಾಯಿತು. ಕಾಡು ಕಡಿದು ಗದ್ದೆ ಮಾಡುವ ರೈತನಿಗೆ ಸಾಲ ಬೇಕಿತ್ತು, ಕೊಟ್ಟವರು ಇವರು. ಸಿಲೋನು, ಮಲಯ, ಸಿಂಗಪುರಗಳಲ್ಲೂ ಇವರ ಲೇವಾದೇವಿ ನಡೆಯಿತು. ಆ ದುಡ್ಡು ಊರಿಗೆ ಬಂದದ್ದು ಬರ್ಮಾ ತೇಗದ ಕಂಬಗಳಾಗಿ, ಇಟಲಿಯ ಅಮೃತಶಿಲೆಯಾಗಿ, ಬೆಲ್ಜಿಯಂ ಕನ್ನಡಿಗಳಾಗಿ. 1930ರ ದಶಕದ ಕುಸಿತದಲ್ಲಿ ಅಕ್ಕಿಯ ಬೆಲೆ ಬಿದ್ದಾಗ ಒತ್ತೆಯ ಗದ್ದೆಗಳು ಸಾಲ ಕೊಟ್ಟವರ ಕೈಸೇರಿದವು. ಆ ದಶಕ ಮುಗಿಯುವ ಹೊತ್ತಿಗೆ ಕೆಳ ಬರ್ಮಾದ ಮುಖ್ಯ ಭತ್ತದ ಜಿಲ್ಲೆಗಳ ಸಾಗುವಳಿ ಭೂಮಿಯಲ್ಲಿ ಸುಮಾರು ಕಾಲುಭಾಗ ಚೆಟ್ಟಿಯಾರರದ್ದಾಗಿತ್ತು. ಈ ಕಂಬಗಳ ಹೊಳಪಿನಲ್ಲಿ ಬರ್ಮಾದ ರೈತರ ನೋವೂ ಸೇರಿದೆ ಎಂಬುದನ್ನು ಮರೆಯಬಾರದು. 1942ರಲ್ಲಿ ಜಪಾನಿ ಸೇನೆ ಬಂತು. 1948ರಲ್ಲಿ ಬರ್ಮಾ ಸ್ವತಂತ್ರವಾಗಿ ಭೂಮಿಯನ್ನು ರಾಷ್ಟ್ರೀಕರಿಸಿತು. ಬರ್ಮಾದ ಆದಾಯ ನಿಂತಿತು. ಮಕ್ಕಳು ಮೊಮ್ಮಕ್ಕಳು ಚೆನ್ನೈಗೆ, ಬೆಂಗಳೂರಿಗೆ, ಕಡಲಾಚೆಗೆ ಹೋದರು. ಬೀಗ ಬಿದ್ದದ್ದು ಹೀಗೆ.

ಬೀಗ ತೆಗೆದ ಕೆಲವು ಮನೆಗಳು ಈಗ ಹೋಟೆಲುಗಳಾಗಿವೆ. ಅಂಥದೊಂದರಲ್ಲಿ ತಂಗಬೇಕೆಂದು ಅಕ್ಕ ಮತ್ತು ನಾನು ಮಾರ್ಚ್ ಕೊನೆಯಲ್ಲಿ ಹೊರಟೆವು. ನಾವಿಬ್ಬರೂ ಬೆಳೆದದ್ದು ಸಾಗರದ ಕಡೆಯ ತೊಟ್ಟಿ ಮನೆಯಲ್ಲಿ. ದೊಡ್ಡಪ್ಪ, ಚಿಕ್ಕಪ್ಪಂದಿರಲ್ಲಿ ಪಾಲಾದ ಮೇಲೆ ಆ ಮನೆಯನ್ನು ಕೆಡವಿದರು. ತೊಟ್ಟಿಯ ಕಂಬಗಳನ್ನು ಲಾರಿಯಲ್ಲಿ ಯಾವುದೋ ರೆಸಾರ್ಟಿಗೆ ಸಾಗಿಸಿದರು. ಜಾಗ ಸಾಗರದ್ದಾಗಲಿ ಕಾರೈಕುಡಿಯದ್ದಾಗಲಿ, ಆಕಾಶವನ್ನು ಒಳಗೆ ಬಿಟ್ಟುಕೊಂಡ ಮನೆಯಲ್ಲಿ ಮತ್ತೊಮ್ಮೆ ಮಲಗಿ ಏಳಬೇಕು ಎಂಬುದು ಅಕ್ಕನ ಬಹಳ ದಿನದ ಆಸೆ. ರಾತ್ರಿಯ ರೈಲಿನಲ್ಲಿ ತಿರುಚ್ಚಿಗೆ, ಅಲ್ಲಿಂದ ಬಸ್ಸಿನಲ್ಲಿ ಕಾರೈಕುಡಿಗೆ ಬಂದೆವು. ಹೋಟೆಲಿನ ಹೆಸರು ಇಲ್ಲಿ ಬೇಡ. ಅದರದ್ದೇ ಕಷ್ಟ ಬೇರೆ ಹಲವು ಹಳೆಯ ಕಟ್ಟಡಗಳದ್ದೂ ಹೌದು.

ಹೊರಗಿನಿಂದ ಮನೆ ಕಣ್ತುಂಬುವಂತಿತ್ತು. ಮೆಟ್ಟಿಲು ಹತ್ತಿದರೆ ತಿಣ್ಣೈ, ಎಂದರೆ ಹೊರಜಗಲಿ. ವ್ಯಾಪಾರಕ್ಕೆ ಬಂದವರು, ದಾರಿಹೋಕರು ಕೂತೇಳಲೆಂದು ಮಾಡಿದ ಜಾಗ. ಅದನ್ನು ದಾಟಿದರೆ ವಳವು: ನಡುವೆ ತೊಟ್ಟಿ, ಸುತ್ತ ಕಂಬಸಾಲಿನ ಪಡಸಾಲೆ, ಪಡಸಾಲೆಯ ಎರಡೂ ಬದಿಗೆ ಸಾಲು ಕೋಣೆಗಳು. ಅದರ ಹಿಂದೆ ಊಟದ ಎರಡನೆಯ ಕಟ್ಟು, ಅದರಾಚೆ ಅಡುಗೆಯ ಮೂರನೆಯ ಕಟ್ಟು, ಕೊನೆಗೆ ಬಾವಿ ಮತ್ತು ಹಿತ್ತಿಲ ಬಾಗಿಲು. ಹೆಬ್ಬಾಗಿಲಲ್ಲಿ ನಿಂತವರಿಗೆ ಹಿತ್ತಿಲ ಬಾಗಿಲು ನೇರ ಕಾಣಬೇಕು. ಬಾಗಿಲುಗಳೆಲ್ಲ ಒಂದೇ ಗೆರೆಯಲ್ಲಿರುವುದು ಈ ಮನೆಗಳ ಕ್ರಮ. ನಮಗೆ ಕಂಡದ್ದು ಎರಡನೆಯ ಬಾಗಿಲಿಗೆ ಅಡ್ಡಲಾಗಿ ನಿಲ್ಲಿಸಿದ ಪ್ಲೈವುಡ್ ರಿಸೆಪ್ಷನ್ ಮತ್ತು ಅದರ ಬೆನ್ನಿಗೆ ಗಾಜಿನ ತಡಿಕೆ.

ತೊಟ್ಟಿಯನ್ನು ನೋಡಿದ ಕೂಡಲೇ ಅಕ್ಕನ ಮುಖ ಬಾಡಿತು. ಅದರ ಮೇಲೆ ಅಡ್ಡಡ್ಡ ಕಬ್ಬಿಣದ ಕೊಳವೆ, ಕೊಳವೆಯ ಮೇಲೆ ಹೊಗೆಬಣ್ಣದ ಪ್ಲಾಸ್ಟಿಕ್ ಶೀಟು. ಮಳೆ ಬರುವುದಿಲ್ಲ, ಬಿಸಿಲು ಬೀಳುವುದಿಲ್ಲ, ಕಸ ಬೀಳುವುದಿಲ್ಲ ಎಂದು ಸಾಮಾನು ಹೊತ್ತು ತಂದ ಹುಡುಗ ವಿವರಿಸಿದ. ಕೋಣೆಗಳ ಎಸಿಯ ಹೊರಯಂತ್ರಗಳನ್ನು ಪಡಸಾಲೆಯ ಮೂಲೆಗಳಿಗೆ ಬಿಗಿದಿದ್ದರು. ಅವು ಕಾರುವ ಬಿಸಿ ಮೇಲಕ್ಕೆ ಹೋಗಲು ದಾರಿಯಿಲ್ಲದೆ ಅಲ್ಲಲ್ಲೇ ಸುತ್ತುತ್ತಿತ್ತು. ಬರ್ಮಾ ತೇಗದ ಕಂಬಗಳಿಗೆ ನೀಲಿ, ನೇರಳೆ ದೀಪದ ಸರಗಳು. ತೊಟ್ಟಿಯ ನಡುವೆ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಜೋಡಿಗಾಗಿ ಹಾಕಿದ್ದ ಪ್ಲಾಸ್ಟಿಕ್ ಹೂವಿನ ಕಮಾನು.

ನಮ್ಮ ಕೋಣೆ ವಳವಿನ ಎಡಬದಿಯ ಸಾಲಿನಲ್ಲಿತ್ತು. ಎತ್ತರದ ತೊಲೆಗಳು ಕಾಣದಂತೆ ಜಿಪ್ಸಂ ಹಲಗೆಯ ಚಾವಣಿ. ಕಿಟಕಿಯನ್ನು ಎಸಿಗೋಸ್ಕರ ಹಲಗೆ ಬಡಿದು ಮುಚ್ಚಿದ್ದರು. ಕೋಣೆಯ ಮೂರನೆಯ ಒಂದು ಭಾಗ ಹೊಸ ಸ್ನಾನದ ಮನೆಗೆ ಹೋಗಿತ್ತು. ಅದರ ಗೋಡೆಯಿಂದ ನೀರು ಒಸರಿ ಪಕ್ಕದ ಹಳೆಯ ಗೋಡೆ ಸೊಂಟದೆತ್ತರದವರೆಗೆ ಉಬ್ಬಿತ್ತು. ಬಣ್ಣ ಪೊರೆಪೊರೆಯಾಗಿ ಎದ್ದಿತ್ತು. ಮುಗ್ಗಲು ವಾಸನೆಯನ್ನು ಮುಚ್ಚಲು ಹೊಡೆದ ಸುಗಂಧದ ಘಾಟು ಬೇರೆ. ಕಾಲಡಿಗೆ ಆತ್ತಂಗುಡಿಯ ಹಂಚು ಇರಬೇಕಾದಲ್ಲಿ ಹೊಳೆಯುವ ಬಿಳಿ ಟೈಲ್ಸ್. ಆತ್ತಂಗುಡಿ ಅಲ್ಲಿಗೆ ಹತ್ತಿರದ ಊರು. ಇಂದಿಗೂ ಅಲ್ಲಿ ಗಾಜಿನ ಹಲಗೆಯ ಮೇಲೆ ಬಣ್ಣದ ಸಿಮೆಂಟನ್ನು ಕೈಯಿಂದ ಸುರಿದು, ಮರಳು-ಸಿಮೆಂಟು ಹಾಕಿ ಒತ್ತಿ, ಬೆಂಕಿ ತೋರಿಸದೆ ನೀರಿನಲ್ಲಿ ನೆನೆಸಿ ಹಂಚು ಮಾಡುತ್ತಾರೆ. ಓಡಾಡಿದಷ್ಟೂ, ಒರೆಸಿದಷ್ಟೂ ಅದಕ್ಕೆ ಹೊಳಪು ಬರುತ್ತದೆ. ಅಷ್ಟು ಸಮೀಪದಲ್ಲಿ ಅಂಥ ಕೆಲಸ ಇರುವಾಗ ದೂರದ ಕಾರ್ಖಾನೆಯ ಟೈಲ್ಸ್ ತಂದು ಹಾಸಿದ್ದು ನನಗೆ ನಿಜವಾಗಿ ನೋವು ತಂದಿತು.

ಊಟದಲ್ಲಾದರೂ ಆ ಸೀಮೆ ಸಿಗುತ್ತದೆ ಎಂದುಕೊಂಡೆವು. ಚೆಟ್ಟಿನಾಡಿನ ಅಡುಗೆಯಲ್ಲಿ ಅವರು ಹೋಗಿಬಂದ ದೇಶಗಳ ನೆನಪಿದೆ. ಬರ್ಮಾದಿಂದ ತಂದ ಅಂಟಂಟಾದ ಕಪ್ಪಕ್ಕಿ ಇಲ್ಲಿ ಕವುಣಿ ಅರಿಸಿ. ಅದನ್ನು ಬೇಯಿಸಿ ಸಕ್ಕರೆ, ತೆಂಗಿನಕಾಯಿ ಹಾಕಿ ಸಿಹಿ ಮಾಡುತ್ತಾರೆ. ವೆಳ್ಳೈ ಪಣಿಯಾರ, ಇಡಿಯಪ್ಪ, ಅಕ್ಕಿ ತೊಳೆದ ನೀರಿನಲ್ಲಿ ಮಾಡುವ ಮಂಡಿ, ಬದನೆಕಾಯಿಯ ಕೋಸಮಲ್ಲಿ, ಎಲ್ಲಕ್ಕೂ ಬಾಳೆ ಎಲೆ. ಆ ರಾತ್ರಿ ಸ್ಟೀಲಿನ ಬಿಸಿ ಪಾತ್ರೆಗಳ ಸಾಲಿನಲ್ಲಿದ್ದದ್ದು ಪನೀರ್ ಬಟರ್ ಮಸಾಲ, ಗೋಬಿ ಮಂಚೂರಿ ಮತ್ತು ಫ್ರೈಡ್ ರೈಸ್. ಪಣಿಯಾರ ಉಂಟೇ ಎಂದು ಅಕ್ಕ ತನ್ನ ಹರುಕು ತಮಿಳಿನಲ್ಲಿ ಕೇಳಿದಾಗ, ಇಪ್ಪತ್ತು ಜನರ ಗುಂಪು ಮುಂಚೆಯೇ ಹೇಳಿದ್ದರೆ ಮಾಡುತ್ತೇವೆ ಎಂದರು.

ರಾತ್ರಿ ಕರೆಂಟು ಹೋಯಿತು. ಜನರೇಟರು ದೀಪಗಳನ್ನು ಉರಿಸಿತು, ಎಸಿಗಳು ನಿಂತವು. ಗಾಳಿಗೆ ಒಂದು ಕಂಡಿಯೂ ಇಲ್ಲದ ಆ ಕೋಣೆಯಲ್ಲಿ ಅಕ್ಕನಿಗೆ ಉಸಿರು ಕಟ್ಟಿದ ಹಾಗಾಯಿತು. “ಇಷ್ಟು ದೊಡ್ಡ ಮನೇಲಿ ಒಂದು ಹಿಡಿ ಗಾಳಿ ಇಲ್ವಲ್ಲೇ” ಎನ್ನುತ್ತ ಅವಳು ಪಡಸಾಲೆಗೆ ಬಂದಳು. ಅಲ್ಲಿಯೂ ಹಗಲಿನ ಬಿಸಿ ಶೀಟಿನಡಿ ನಿಂತಿತ್ತು. ಬೇರೆ ಕೋಣೆಗಳವರೂ ಒಬ್ಬೊಬ್ಬರಾಗಿ ಹೊರಗೆ ಬಂದು, ಮಕ್ಕಳಿಗೆ ಪತ್ರಿಕೆಯಿಂದ ಗಾಳಿ ಹಾಕುತ್ತ ಕೂತರು.

ಆಗ ಕಾವಲಿನ ಮುದುಕರು ಟಾರ್ಚು ಹಿಡಿದು ಬಂದರು. ಮನೆ ಹೋಟೆಲಾಗುವ ಮೊದಲೂ ಅವರು ಅಲ್ಲೇ ಕೆಲಸಕ್ಕಿದ್ದವರು. ಅಕ್ಕನ ಸ್ಥಿತಿ ನೋಡಿ, “ಅಮ್ಮಾ, ಹಿಂದೆ ಬನ್ನಿ” ಎಂದರು. ಎರಡನೆಯ ಕಟ್ಟು ದಾಟಿ, ಬೀಗ ತೆಗೆದು, ಇನ್ನೂ ಹೋಟೆಲಿಗೆ ಸೇರದ ಮೂರನೆಯ ಕಟ್ಟಿಗೆ ಕರೆದೊಯ್ದರು. ಹೊಸ್ತಿಲು ದಾಟಿದ ಕ್ಷಣವೇ ಗಾಳಿ ಮೈಗೆ ತಾಗಿತು. ತಲೆಯ ಮೇಲೆ ತೆರೆದ ಆಕಾಶ. ಸುಣ್ಣದ ಗೋಡೆ ಮುಟ್ಟಿದರೆ ತಣ್ಣಗೆ. ನೆಲದಲ್ಲಿ ಹೂತ ಒರಳುಗಳು, ಗೋಡೆಯುದ್ದಕ್ಕೂ ಒಲೆಗಳ ಮಸಿ. ಮುದುಕರು ಹಿತ್ತಿಲ ಬಾಗಿಲನ್ನೂ ತೆರೆದರು. ಬಾವಿಯ ಕಡೆಯಿಂದ ಬಂದ ಗಾಳಿ ತೊಟ್ಟಿಗೆ ಬಂದು ಮೇಲೇರಿತು. ಒಂದು ಚಾಪೆ ಹಾಸಿಕೊಟ್ಟರು. ಅಕ್ಕ ಹತ್ತು ನಿಮಿಷದೊಳಗೆ ನಿದ್ದೆ ಹೋದಳು.

ನಾನು ಆ ಹಿರಿಯರ ಜೊತೆ ಮಾತಿಗೆ ಕೂತೆ. “ನಿಮಗೆ ಕೊಟ್ಟಿರುವುದು ಮಲಗುವ ಕೋಣೆಯಲ್ಲ ಅಮ್ಮಾ. ಅದು ಸಾಮಾನಿನ ಕೋಣೆ” ಎಂದರು. ಮದುವೆಯಾದ ಪ್ರತಿ ಮಗನಿಗೂ ವಳವಿನಲ್ಲಿ ಒಂದು ಕೋಣೆಯೋ ಜೋಡಿ ಕೋಣೆಯೋ ಇರುತ್ತಿತ್ತು. ಸೊಸೆ ತವರಿಂದ ತಂದ ಹಿತ್ತಾಳೆ, ಬೆಳ್ಳಿ, ರೇಷ್ಮೆ, ಪಿಂಗಾಣಿ, ಪೆಟ್ಟಿಗೆಗಳೆಲ್ಲ ಅದರೊಳಗೆ. ಗಂಡ ಹೆಂಡಿರ ಏಕಾಂತಕ್ಕೂ ಅದೇ. ಮೂರನೆಯ ಕಟ್ಟಿನಲ್ಲಿ ಪ್ರತಿ ಸಂಸಾರಕ್ಕೂ ಬೇರೆ ಒಲೆ. ಆದರೆ ಹಗಲಿನ ಬದುಕು, ಸೆಕೆಗಾಲದ ನಿದ್ದೆ, ಮಕ್ಕಳ ಆಟ, ಹೆಂಗಸರ ಮಾತು, ಲೆಕ್ಕಪತ್ರ, ಎಲ್ಲವೂ ಪಡಸಾಲೆಯಲ್ಲೇ.

ಆ ಮಾತಿನಿಂದ ನನ್ನ ನಿರಾಶೆಗೆ ಕಾರಣ ಸ್ಪಷ್ಟವಾಯಿತು. ಹೋಟೆಲೆಂದರೆ ಕೋಣೆಗಳ ವ್ಯಾಪಾರ. ಬಾಡಿಗೆ ಕೋಣೆಗೆ, ಬೀಗದ ಕೈ ಕೋಣೆಗೆ, ಎಸಿ ಕೋಣೆಗೆ. ಆ ಮನೆಯ ಬದುಕು ಮಾತ್ರ ಕೋಣೆಗಳ ಹೊರಗಿತ್ತು. ಮನೆ ಯಾವುದನ್ನು ಪೆಟ್ಟಿಗೆ ಇಡಲು ಕಟ್ಟಿತ್ತೋ ಅದರೊಳಗೆ ಅತಿಥಿಯನ್ನು ಸೇರಿಸಿ, ಯಾವುದನ್ನು ಬದುಕಲು ಕಟ್ಟಿತ್ತೋ ಅದನ್ನು ಫೋಟೋಗೆ ಬಿಟ್ಟಿದ್ದರು. ಅಷ್ಟಾದ ಮೇಲೆ ಎಷ್ಟು ಎಸಿ ಹಾಕಿದರೂ ಆ ಮನೆಯ ಸುಖ ಅತಿಥಿಗೆ ಸಿಗಲಾರದು.

ಕಟ್ಟಿದವರು ಬಿಸಿಲನ್ನು ಚೆನ್ನಾಗಿ ಬಲ್ಲವರು. ಬಿಸಿಗಾಳಿ ಮೇಲೇರುತ್ತದೆ, ತೊಟ್ಟಿಯಿಂದ ಹೊರಗೆ ಹೋಗುತ್ತದೆ. ಅದರ ಜಾಗಕ್ಕೆ ಬಾಗಿಲುಗಳ ನೇರ ಗೆರೆಯಲ್ಲಿ ತಂಪು ಗಾಳಿ ಬರುತ್ತದೆ. ಚಾವಣಿಯ ಎತ್ತರ, ದಪ್ಪ ಗೋಡೆ, ಮೇಲುಗಡೆಯ ಗವಾಕ್ಷಿ, ಎಲ್ಲವೂ ಈ ಒಂದು ಕೆಲಸಕ್ಕೆ ನೆರವಾಗುತ್ತವೆ. ಮಳೆ ಬಂದರೆ ಇಳಿಜಾರು ಮಾಡುಗಳ ನೀರು ತೊಟ್ಟಿಗೆ ಇಳಿದು, ಅಲ್ಲಿಂದ ಬಾವಿಗೋ ಊರಿನ ಕೆರೆಗೋ ಹೋಗಬೇಕು. ಒಣಸೀಮೆಯಲ್ಲಿ ಒಂದು ಹನಿಯೂ ಹಾಳಾಗಬಾರದೆಂಬ ಎಚ್ಚರ ಆ ಮನೆಯ ಒಂದೊಂದು ತೂಬಿನಲ್ಲೂ ಇದೆ. ತೊಟ್ಟಿಯ ಮೇಲೆ ಹೊದಿಸಿದ ಒಂದು ಶೀಟು ಗಾಳಿ, ಬೆಳಕು, ನೀರು ಮೂರನ್ನೂ ಒಮ್ಮೆಗೇ ನಿಲ್ಲಿಸಿಬಿಟ್ಟಿತ್ತು.

ಗೋಡೆಯ ಕಥೆಯೂ ಹೀಗೆಯೇ. ಚೆಟ್ಟಿನಾಡಿನ ಗಾರೆ ಪ್ರಸಿದ್ಧವಾದದ್ದು. ಸುಣ್ಣವನ್ನು ದಿನಗಟ್ಟಲೆ ಕೊಳೆಸಿ, ಮರಳು ಸೇರಿಸಿ ಅರೆದು, ಅಳಲೆಕಾಯಿ ಮತ್ತು ಬೆಲ್ಲದ ನೀರು ಬೆರೆಸಿ, ಪದರದ ಮೇಲೆ ಪದರ ಹಚ್ಚುತ್ತಿದ್ದರು. ಕೊನೆಯ ಪದರಕ್ಕೆ ಚಿಪ್ಪಿನ ಸುಣ್ಣ, ಮೊಟ್ಟೆಯ ಬಿಳಿಲೋಳೆ. ಕಲ್ಲಿನಿಂದ ಉಜ್ಜಿ ಉಜ್ಜಿ ಅಮೃತಶಿಲೆಯ ನುಣುಪು ತರುತ್ತಿದ್ದರು. ಇಂಥ ಗೋಡೆ ತೇವವನ್ನು ಒಳಗೆ ತೆಗೆದುಕೊಂಡು ಬಿಸಿಲಿಗೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟಿನ ತೇಪೆ ಹಾಕಿ ಪ್ಲಾಸ್ಟಿಕ್ ಬಣ್ಣ ಬಳಿದರೆ, ಸೆಕೆಯಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಮೈಯಂತೆ ಗೋಡೆ ಒಳಗೊಳಗೇ ಬೆವರುತ್ತದೆ. ತೇವ ಹೊರಬರಲಾರದೆ ಒಳಗಿನ ಸುಣ್ಣವನ್ನೇ ಪುಡಿಮಾಡುತ್ತದೆ. ನಮ್ಮ ಕೋಣೆಯ ಗೋಡೆ ಉಬ್ಬಿದ್ದು ಮುಪ್ಪಿನಿಂದಲ್ಲ. ಅದೇ ವಯಸ್ಸಿನ ಗೋಡೆ ಮೂರನೆಯ ಕಟ್ಟಿನಲ್ಲಿ ಗಟ್ಟಿಯಾಗಿ, ಒಣಗಿ ನಿಂತಿತ್ತು. ಅದಕ್ಕೆ ಯಾರೂ ಏನೂ ಮಾಡಿರಲಿಲ್ಲ, ಅಷ್ಟೇ.

ಬೆಳಗ್ಗೆ ಮ್ಯಾನೇಜರರ ಹತ್ತಿರ ಇದನ್ನೆಲ್ಲ ಹೇಳಿದೆ. ಸಭ್ಯ ತರುಣ, ಪೂರ್ತಿ ಕೇಳಿಸಿಕೊಂಡ. “ಮೇಡಂ, ಬರುವವರು ಮೊದಲು ಕೇಳುವುದೇ ಎಸಿ ಇದೆಯಾ, ಅಟ್ಯಾಚ್ಡ್ ಬಾತ್‌ರೂಮ್ ಇದೆಯಾ ಅಂತ. ತೊಟ್ಟಿ ತೆರೆದಿದ್ದರೆ ಸೊಳ್ಳೆ ಅಂತಾರೆ, ಪಾರಿವಾಳ ಅಂತಾರೆ. ಸುಣ್ಣದ ಗಾರೆಯವರು ಸಿಗೋದು ಕಷ್ಟ, ಸಿಕ್ಕರೆ ಕೂಲಿ ಜಾಸ್ತಿ. ಮನೆ ನಮ್ಮದಲ್ಲ, ಲೀಸು” ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ.

ಮನೆಯ ಒಡೆಯರ ಕಷ್ಟವೂ ದೊಡ್ಡದು. ಒಂದೊಂದು ಮನೆಗೆ ಹತ್ತಾರು ಪಾಲುದಾರರು, ಒಬ್ಬೊಬ್ಬರು ಒಂದೊಂದು ದೇಶದಲ್ಲಿ. ಮಾಡು ಸೋರಿದರೆ ಯಾರು ಖರ್ಚು ಕೊಡಬೇಕೆಂಬುದೇ ತೀರ್ಮಾನವಾಗುವುದಿಲ್ಲ. ಕೊನೆಗೆ ಮರದ ಬೆಲೆ ಮನೆಯ ಬೆಲೆಗಿಂತ ಹೆಚ್ಚಾಗಿ ಕಾಣುತ್ತದೆ. ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿಯ ಹಳೆಸಾಮಾನಿನ ಅಂಗಡಿಗಳಲ್ಲಿ ಆ ತೀರ್ಮಾನದ ಫಲ ರಾಶಿಬಿದ್ದಿದೆ: ಕಂಬ, ಬಾಗಿಲು, ಸ್ವೀಡನ್ನಿನ ಎನಾಮೆಲ್ ಪಾತ್ರೆ, ಯಾರದ್ದೋ ಅಜ್ಜನ ಚಿತ್ರಪಟ. ಅಲ್ಲಿ ಒಂದು ಕಂಬದ ಮುಂದೆ ಅಕ್ಕ ಬಹಳ ಹೊತ್ತು ನಿಂತಿದ್ದಳು. ನಾನು ಏನೂ ಕೇಳಲಿಲ್ಲ. ಸಾಗರದ ನಮ್ಮ ಕಂಬಗಳು ಎಲ್ಲಿ ನಿಂತಿವೆಯೋ ಇಬ್ಬರಿಗೂ ತಿಳಿಯದು. ಕೆಡವಿದ ಮನೆಯ ದುಃಖ ಗೊತ್ತಿರುವುದರಿಂದಲೇ ಹೇಳುತ್ತೇನೆ, ಹಳೆಯ ಮನೆ ಹೋಟೆಲಾಗುವುದರಲ್ಲಿ ತಪ್ಪಿಲ್ಲ. ಬೀಗಕ್ಕಿಂತ, ಲಾರಿಗಿಂತ ಅದು ಎಷ್ಟೋ ಮೇಲು.

ಮನೆಗಳನ್ನು ಕಾಪಾಡಲು ಬೇರೆ ದಾರಿಗಳನ್ನೂ ಹುಡುಕಿದವರಿದ್ದಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು, ಕೆಡವಲು ಹೊರಟಿದ್ದ ಮನೆಗಳನ್ನು ಬಿಡಿಸಿ ತಂದು, ಒಂದೊಂದು ತೊಲೆಯನ್ನೂ ಮತ್ತೆ ಜೋಡಿಸಿ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ಕಟ್ಟಿದರು. ಚೆನ್ನೈ ಬಳಿಯ ದಕ್ಷಿಣಚಿತ್ರದಲ್ಲಿ ಹೀಗೇ ತಂದು ನಿಲ್ಲಿಸಿದ ಚೆಟ್ಟಿನಾಡಿನ ಮನೆಯಿದೆ. ಅಲ್ಲೇ ಇಳಕಲ್ಲಿನ ನೇಕಾರರ ಮನೆಯೂ ಚಿಕ್ಕಮಗಳೂರಿನ ಮನೆಯೂ ಇವೆ. ಅಲ್ಲಿ ಕಟ್ಟಡವನ್ನು ಗೌರವದಿಂದ ನೋಡಬಹುದು. ರಾತ್ರಿ ಮಲಗುವಂತಿಲ್ಲ, ಒಲೆ ಹೊತ್ತಿಸುವಂತಿಲ್ಲ. ಜನ ಮಲಗಿ, ಉಂಡು, ಮಾತಾಡಿ, ಮನೆ ಮತ್ತೆ ಮನೆಯಾಗುವ ಅವಕಾಶ ಹೋಟೆಲಿಗೆ ಮಾತ್ರ ಇದೆ. ಅದಕ್ಕೇ ಹೋಟೆಲಿನವರ ಹೊಣೆ ಮ್ಯೂಸಿಯಮ್ಮಿಗಿಂತ ಹೆಚ್ಚು ಎಂದು ನಾನು ನಂಬುತ್ತೇನೆ. ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಚೆಟ್ಟಿನಾಡಿನ ಊರುಗಳು 2014ರಲ್ಲಿ ಸೇರಿದವು. ಪಟ್ಟಿಯಲ್ಲಿ ಹೆಸರು ಬಂದರೆ ಪ್ರವಾಸಿಗರು ಬರುತ್ತಾರೆ. ಬಂದವರನ್ನು ಪಡಸಾಲೆಯಲ್ಲಿ ಕೂರಿಸುವುದೋ ಪೆಟ್ಟಿಗೆಯ ಕೋಣೆಯಲ್ಲಿ ಕೂಡಿಹಾಕುವುದೋ ಎಂಬುದನ್ನು ನಡೆಸುವವರೇ ನಿರ್ಧರಿಸಬೇಕು.

ಅದಕ್ಕೆ ಅರಮನೆಯ ಖರ್ಚೇನೂ ಬೇಡ. ತೊಟ್ಟಿಯ ಶೀಟು ತೆಗೆದು ಸಣ್ಣ ಕಣ್ಣಿನ ಜಾಲರಿ ಹಾಕಿದರೆ ಪಾರಿವಾಳ ಬರುವುದಿಲ್ಲ, ಗಾಳಿ ಮಳೆ ಬರುತ್ತವೆ. ಸ್ನಾನದ ಮನೆಗಳನ್ನು ಹಳೆಯ ಗೋಡೆಗೆ ಒರಗಿಸದೆ ಹಿತ್ತಿಲ ಕಡೆಗೆ ಬೇರೆಯಾಗಿ ಕಟ್ಟಬಹುದು. ಸೆಕೆಗಾಲದಲ್ಲಿ ಬೇಕೆಂದವರಿಗೆ ಪಡಸಾಲೆಯಲ್ಲಿ ಮಂಚ, ಸೊಳ್ಳೆಪರದೆ ಹಾಕಿಕೊಡಬಹುದು. ಹೋಟೆಲಿನ ಹುಡುಗರಿಗೆ ಆ ಕಾವಲಿನ ಹಿರಿಯರ ಜೊತೆ ಮನೆಯನ್ನು ಒಮ್ಮೆ ಸುತ್ತಿಸಿದರೂ ಸಾಕು, ಅತಿಥಿಗೆ ಹೇಳಲು ಅವರ ಬಳಿ ನಿಜವಾದ ಕಥೆ ಇರುತ್ತದೆ. ಊರಿನ ಆಚ್ಚಿಯರಲ್ಲಿ, ಎಂದರೆ ಚೆಟ್ಟಿಯಾರ್ ಮನೆತನಗಳ ಹೆಂಗಸರಲ್ಲಿ, ಯಾರಾದರೂ ಒಬ್ಬರನ್ನು ಅಡುಗೆಮನೆಗೆ ಕರೆತಂದರೆ, ಬೆಳಗಿನ ತಿಂಡಿಗೆ ಪಣಿಯಾರಕ್ಕಾಗಿ ಇಪ್ಪತ್ತು ಜನ ಕಾಯಬೇಕಾಗಿಲ್ಲ.

ಈ ಮಾತು ನಮ್ಮ ಕಡೆಗೂ ಹೇಳಬೇಕಾದದ್ದು. ಮಲೆನಾಡಿನ, ಕರಾವಳಿಯ ತೊಟ್ಟಿ ಮನೆಗಳು ಒಂದೊಂದಾಗಿ ಹೋಂಸ್ಟೇಗಳಾಗುತ್ತಿವೆ. ತೊಟ್ಟಿಗೆ ಶೀಟು, ಬಚ್ಚಲಿನ ಹಂಡೆಯ ಬದಲು ಗೀಸರು, ಗೋಡೆಗೆ ಪ್ಲಾಸ್ಟಿಕ್ ಬಣ್ಣ, ಊಟಕ್ಕೆ ಉತ್ತರ ಭಾರತದ ಗ್ರೇವಿ, ಎಲ್ಲವೂ ಅಲ್ಲಿಗೂ ಬರುತ್ತಿದೆ. ಒಡೆಯರಿಗೆ ಆದಾಯ ಬೇಕು, ಅದು ನ್ಯಾಯ. ಆದರೆ ಆ ಆದಾಯ ಹುಟ್ಟುವುದು ಮನೆಯ ವಯಸ್ಸಿನಿಂದ ಮಾತ್ರವಲ್ಲ, ಮನೆ ಇನ್ನೂ ತನ್ನ ಕೆಲಸ ಮಾಡುತ್ತಿದೆ ಎಂಬುದರಿಂದ. ಕೆಲಸ ನಿಲ್ಲಿಸಿದ ಮನೆಯನ್ನು ಜನ ಒಮ್ಮೆ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಮತ್ತೆ ಬರುವುದಿಲ್ಲ.

ಹಾಗಾಗಿ ಹಳೆಯ ಮನೆಯಲ್ಲಿ ತಂಗಲು ಹೊರಟವರು ಬುಕ್ ಮಾಡುವ ಮುಂಚೆ ಫೋನಿನಲ್ಲಿ ನಾಲ್ಕು ಮಾತು ಕೇಳಲಿ. ತೊಟ್ಟಿಗೆ ಮಳೆ ಬೀಳುತ್ತದೆಯೇ? ಕಿಟಕಿ ತೆರೆಯುತ್ತದೆಯೇ? ಗೋಡೆಗೆ ಸುಣ್ಣ ಬಳಿದಿದ್ದೀರೋ ಪ್ಲಾಸ್ಟಿಕ್ ಬಣ್ಣವೋ? ಈ ಊರಿನ ಅಡುಗೆ ಮಾಡುವವರು ಯಾರಾದರೂ ಇದ್ದಾರೆಯೇ? ಆ ಮ್ಯಾನೇಜರ್ ಹೇಳಿದ ಮಾತು ನಿಜವಾಗಿದ್ದರೆ, ಹೋಟೆಲನ್ನು ತಿದ್ದುವುದು ಅತಿಥಿ ಕೇಳುವ ಪ್ರಶ್ನೆಯೇ. ಎಸಿ ಕೇಳಿದವರಿಗಾಗಿ ತೊಟ್ಟಿ ಮುಚ್ಚಿದವರು, ಗಾಳಿ ಕೇಳುವವರು ಹೆಚ್ಚಾದರೆ ಅದನ್ನು ತೆರೆದೇ ತೆರೆಯುತ್ತಾರೆ.